ಕಡತದಿಂದ ಗಣಕಕ್ಕೆ: ಕಪಿಲೆಯ ದಡದ ಪಾಠಗಳು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಬಸ್ಸು ಸುಮಾರು 23 ಕಿಲೋಮೀಟರ್ ಸಾಗಿ ಕಪಿಲಾ ನದಿಯನ್ನು ದಾಟಿದರೆ ನಂಜನಗೂಡು. ದಾಟುವಾಗ ಕಿಟಕಿಯಿಂದ ಇಣುಕಿದವರಿಗೆ ಪಕ್ಕದಲ್ಲೇ ಹಳೆಯ ಕಲ್ಲುಸೇತುವೆ ಕಾಣುತ್ತದೆ. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ್ದು. ಎತ್ತಿನ ಗಾಡಿಗಳಿಗೆಂದು ಕಟ್ಟಿದ ಈ ಕಮಾನುಗಳ ಮೇಲೆ ಮುಂದೆ ಮೋಟಾರೂ ಓಡಿತು, ಮೀಟರ್‌ಗೇಜ್ ರೈಲೂ ಓಡಿತು. ಬ್ರಾಡ್‌ಗೇಜ್ ಬಂದಾಗ ಮಾತ್ರ ರೈಲಿಗೆ ಬೇರೆ ಸೇತುವೆ ಬೇಕಾಯಿತು. ಹಳೆಯದನ್ನು ಯಾರೂ ಒಡೆಯಲಿಲ್ಲ. ಹೊಸದರ ಪಕ್ಕದಲ್ಲಿ ಅದು ಇನ್ನೂ ನಿಂತಿದೆ.

ಊರಿಗೆ ಬರುವವರಲ್ಲಿ ಹೆಚ್ಚಿನವರು ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು. ಸ್ನಾನಘಟ್ಟದಲ್ಲಿ ಮುಳುಗಿ, ಮುಡಿ ಕೊಟ್ಟು, ಸಿಕ್ಕರೆ ಒಂದು ಚಿಪ್ಪು ರಸಬಾಳೆ ಕೊಂಡು ಹಿಂದಿರುಗುತ್ತಾರೆ. ಆದರೆ ಬೆಳಗಿನ ಬಸ್ಸುಗಳಿಂದ ಇಳಿಯುವ ಇನ್ನೊಂದು ಬಗೆಯ ಜನರೂ ಉಂಟು. ಅವರ ಕೈಯಲ್ಲಿ ಹಣ್ಣುಕಾಯಿಯ ಚೀಲವಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದಗಳಿವೆ. ಅವರು ಹೋಗುವುದು ತಾಲ್ಲೂಕು ಕಚೇರಿಗೆ. ಹೆಚ್ಚಿನವರಿಗೆ ಬೇಕಾಗಿರುವುದು ಒಂದೇ ಒಂದು ಹಾಳೆ, ಪಹಣಿ.

ಪಹಣಿಯನ್ನು ಆರ್‌ಟಿಸಿ ಎಂದೂ ಕರೆಯುತ್ತಾರೆ. ಹೊಲ ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಮಣ್ಣು, ಯಾವ ಬೆಳೆ, ಯಾವ ಬ್ಯಾಂಕಿನ ಸಾಲ, ಎಲ್ಲವನ್ನೂ ಹೇಳುವ ಹಾಳೆ ಇದು. ಬೆಳೆಸಾಲಕ್ಕೆ ಇದು ಬೇಕು, ಭೂಮಿ ಮಾರಲು ಇದು ಬೇಕು, ಅಣ್ಣತಮ್ಮಂದಿರು ಪಾಲಾಗಲೂ ಇದೇ ಬೇಕು. ವಿದ್ಯಾರ್ಥಿಗಳಿಗೂ ಇದು ದೂರದ ವಸ್ತುವಲ್ಲ. ಬಿಎಸ್ಸಿ ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾದಲ್ಲಿ ಸೀಟು ಕೇಳುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಂಕಗಳಿವೆ, ಹೊಲದಲ್ಲಿ ನಾಟಿ ಮಾಡಿದ ಅನುಭವವಿದೆ. ಆದರೆ ಪಹಣಿಯಲ್ಲಿ ತಂದೆಯ ಹೆಸರಿಲ್ಲ. ತೀರಿಕೊಂಡು ಎಷ್ಟೋ ವರ್ಷಗಳಾದ ತಾತನ ಹೆಸರೇ ಇನ್ನೂ ಇದೆ. ಅಥವಾ ತಂದೆಯ ಹೆಸರೇ ಇದೆ, ಕಾಗುಣಿತ ಬೇರೆ. ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿರುವಾಗ ಅಕ್ಷರವೊಂದರ ಬೆಲೆ ಏನೆಂದು ಆ ಮನೆಗೆ ಗೊತ್ತಾಗುತ್ತದೆ.

ಈ ಹಾಳೆ ಇಂದು ಕಾಗದವಲ್ಲ. ಎಲ್ಲೋ ಇರುವ ಗಣಕದ ಡಿಸ್ಕಿನಲ್ಲಿ ಕೂತ ಅಂಕಿಗಳು. ಕೇಳಿದಾಗ ಮಾತ್ರ ಅದು ಕಾಗದವಾಗುತ್ತದೆ. ಆ ಅಂಕಿಗಳನ್ನು ಕಾಯುವವರು ಯಾರು? ಕಾಯುವ ಕೆಲಸವನ್ನೂ ಯಂತ್ರಕ್ಕೇ ವಹಿಸಿದರೆ ಏನು ಲಾಭ, ಎಲ್ಲಿ ಅಪಾಯ? ಬ್ಯಾಂಕು, ರೈಲ್ವೆ, ದೊಡ್ಡ ಕಂಪನಿಗಳು ಎಲ್ಲವೂ ಕೇಳಿಕೊಳ್ಳುವ ಪ್ರಶ್ನೆ ಇದು. ಕರ್ನಾಟಕದ ಹಳ್ಳಿಗರು ಇದಕ್ಕೆ ಉತ್ತರ ಕಂಡುಕೊಂಡದ್ದು ತಮ್ಮ ಹೊಲದ ಲೆಕ್ಕದ ಮೂಲಕ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಕಪಿಲೆಯ ಜೊತೆಯಲ್ಲೇ ಸಾಗಿದರೆ ಆ ಪಾಠಗಳು ಒಂದೊಂದಾಗಿ ಎದುರಾಗುತ್ತವೆ.

ಕಲ್ಲು, ತಾಮ್ರ, ಬಟ್ಟೆ

ಭೂಮಿಯ ಲೆಕ್ಕವನ್ನು ಕಾಪಿಡುವ ಚಿಂತೆ ಈ ಸೀಮೆಗೆ ಹೊಸದಲ್ಲ. ಎರಡೂ ತಾಲ್ಲೂಕುಗಳ ದೇವಾಲಯಗಳಲ್ಲಿ, ಕೆರೆ ಏರಿಗಳಲ್ಲಿ, ಹೊಲದ ಬದುಗಳಲ್ಲಿ ಶಿಲಾಶಾಸನಗಳಿವೆ. ಅವುಗಳಲ್ಲಿ ಹಲವು ಭೂದಾನದ ದಾಖಲೆಗಳೇ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಮೂಡಲ ಎಲ್ಲೆ ಯಾವುದು, ಪಡುವಲ ಎಲ್ಲೆ ಯಾವುದು ಎಂದು ಬರೆದು, ಕೊನೆಗೆ ಈ ದಾನವನ್ನು ಕೆಡಿಸಿದವನಿಗೆ ಇಂಥ ಪಾಪ ತಟ್ಟಲಿ ಎಂದು ಶಾಪವನ್ನೂ ಕೆತ್ತುತ್ತಿದ್ದರು. ಇಂದಿನ ಗಣಕದಲ್ಲಿ ಗುಪ್ತಪದ ಮಾಡುವ ಕೆಲಸವನ್ನು ಅಂದು ಶಾಪ ಮಾಡಬೇಕಾಗಿತ್ತು.

ಈ ಶಾಸನಗಳಿಗೆ ಕ್ರಮಸಂಖ್ಯೆ ಕೊಟ್ಟು ಪುಸ್ತಕವಾಗಿಸಿದವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ. ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ 1894ರಲ್ಲಿ ಹೊರಬಂತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮೊದಲು ತಾಲ್ಲೂಕಿನ ಹೆಸರು, ಅನಂತರ ಸಂಖ್ಯೆ. ಹೀಗಾಗಿ ಜಗತ್ತಿನ ಯಾವ ಮೂಲೆಯ ವಿದ್ವಾಂಸನೂ ಒಂದು ನಿರ್ದಿಷ್ಟ ಕಲ್ಲನ್ನು ಹೆಸರಿಸಬಹುದು. ಕಲ್ಲುಗಳು ರೈಸ್ ಅವರಿಗಿಂತ ಮೊದಲೂ ಇದ್ದವು. ಹುಡುಕುವ ದಾರಿ ಇರಲಿಲ್ಲ. ಸಂಗ್ರಹ ಬೇರೆ, ಸೂಚಿ ಬೇರೆ ಎಂಬುದು ಇಲ್ಲಿನ ಮೊದಲ ಪಾಠ. ಸೂಚಿಯಿಲ್ಲದ ಉಗ್ರಾಣ ಕತ್ತಲ ಕೋಣೆಯಂತೆ. ವಸ್ತು ಅಲ್ಲಿಯೇ ಇರುತ್ತದೆ, ಕೈಗೆ ಸಿಗುವುದಿಲ್ಲ.

ತಲಕಾಡಿನಿಂದ ಆಳಿದ ಗಂಗರು ತಾಮ್ರಪಟಗಳನ್ನೂ ಕೊಡುತ್ತಿದ್ದರು. ಬಳೆಯೊಂದರಲ್ಲಿ ಪೋಣಿಸಿದ ಹಲಗೆಗಳು, ಅದರ ಮೇಲೆ ಆನೆಯ ಮುದ್ರೆ. ತಾಮ್ರ ಬೇಗ ಹಾಳಾಗುವುದಿಲ್ಲ, ಮುದ್ರೆ ಅಧಿಕಾರವನ್ನು ಸಾರುತ್ತದೆ. ಆದರೂ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಎಂಬ ಶಾಸನತಜ್ಞರು ಕೃತಕವೆಂದು ವಾದಿಸಿದರು. ಎಂದೋ ಯಾರೋ ಭೂಮಿಯ ಆಸೆಗೆ ಹಳೆಯ ರಾಜನ ಹೆಸರಿನಲ್ಲಿ ಹೊಸ ಹಲಗೆ ಬರೆಸಿದ್ದರೆ, ಆ ಸುಳ್ಳೂ ತಾಮ್ರದಷ್ಟೇ ಗಟ್ಟಿಯಾಗಿ ಉಳಿಯುತ್ತದೆ. ಬಾಳಿಕೆ ಬರುವುದೆಲ್ಲ ಸತ್ಯವಲ್ಲ. ಈ ಎರಡನೆಯ ಪಾಠವನ್ನು ಗಣಕದ ಕಾಲದಲ್ಲಿ ಹೆಚ್ಚಾಗಿಯೇ ನೆನಪಿಡಬೇಕು.

ಆಮೇಲಿನದು ಶಾನುಭೋಗರ ಕಾಲ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಕೆಂದಾಗ ಒರೆಸಿ ತಿದ್ದಬಹುದು. ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಬಟ್ಟೆ ಹೋಗಿ ಕಾಗದ ಬಂದರೂ ಕಚೇರಿಯ ಫೈಲಿಗೆ ‘ಕಡತ’ ಎಂಬ ಹೆಸರು ಉಳಿದುಕೊಂಡಿತು.

ಒಂದೇ ಕೈಯಲ್ಲಿದ್ದ ಲೆಕ್ಕ

ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮಲೆಕ್ಕಿಗರು, ಒಬ್ಬೊಬ್ಬರ ಪಾಲಿಗೆ ಕೆಲವು ಹಳ್ಳಿಗಳು. ಪಹಣಿ ಪುಸ್ತಕ ಅವರ ವಶದಲ್ಲಿ. ರೈತ ಪಹಣಿ ಬೇಕೆಂದರೆ ಮೊದಲು ಗ್ರಾಮಲೆಕ್ಕಿಗರು ಎಲ್ಲಿದ್ದಾರೆಂದು ಪತ್ತೆ ಮಾಡಬೇಕು. ಕೈಬರಹದ ಪ್ರತಿಯನ್ನು ಇನ್ನೊಬ್ಬರು ಹೋಲಿಸಿ ನೋಡುವ ಸಂದರ್ಭವೇ ಕಡಿಮೆ. ಪ್ರಾಮಾಣಿಕರ ಕೈಯಲ್ಲಿ ಆ ಪುಸ್ತಕ ಭದ್ರವಾಗಿತ್ತು; ಇಲ್ಲದ ಕಡೆ ಒಂದು ಗೆರೆ ಎಳೆದರೆ ಒಂದು ಮನೆ ಬೀದಿಗೆ ಬೀಳುತ್ತಿತ್ತು.

ಇದನ್ನು ಸರಿಪಡಿಸಲು 1990ರ ದಶಕದಲ್ಲಿ ಮೊದಲ ಗಣಕೀಕರಣ ನಡೆಯಿತು. 1996ರ ವೇಳೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ದಾಖಲೆ ದಿನದಿನವೂ ಬದಲಾಗುವುದು ತಾಲ್ಲೂಕಿನಲ್ಲಿ, ಮತ್ತು ಆ ಯೋಜನೆಯಲ್ಲಿ ತಾಲ್ಲೂಕಿಗೆ ಗಣಕವೇ ಇರಲಿಲ್ಲ. ಒಮ್ಮೆ ತುಂಬಿಸಿದ ಮಾಹಿತಿ ಹಾಗೆಯೇ ಕೂತಿತು. ಹೊರಗೆ ಜಮೀನು ಮಾರಾಟವಾಗುತ್ತಿತ್ತು, ಪಾಲಾಗುತ್ತಿತ್ತು. ಒಳಗಿನ ಅಂಕಿ ಅಲ್ಲಾಡಲಿಲ್ಲ. ಕೆರೆಗೆ ನೀರು ತುಂಬಿಸಿ ಕಾಲುವೆಯನ್ನೇ ತೋಡದಿದ್ದರೆ ಆಗುವಂತೆ ಮಾಹಿತಿ ಹಳಸಿತು.

ಮುಂದೆ ಬಂದದ್ದು ‘ಭೂಮಿ’ ಯೋಜನೆ. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತರು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ಬರೆಯಿತು. 2002ರ ವೇಳೆಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕದೊಳಗೆ ಬಂದಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗತೊಡಗಿತು.

ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸವೇನು? ಮೊದಲನೆಯದಾಗಿ, ಒಂದು ತಾಲ್ಲೂಕಿನ ಲೆಕ್ಕ ಗಣಕಕ್ಕೆ ಬಂದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಎರಡು ಪುಸ್ತಕಗಳು ಏಕಕಾಲದಲ್ಲಿ ಚಾಲ್ತಿಯಲ್ಲಿದ್ದರೆ ಎರಡೂ ಸುಳ್ಳಾಗುತ್ತವೆ. ಇಲ್ಲಿ ನಂಜನಗೂಡಿನ ಸೇತುವೆಯನ್ನು ನೆನೆಯಬಹುದು: ಹಳೆಯದು ನಿಂತಿರಲಿ, ಆದರೆ ರೈಲು ಯಾವುದರ ಮೇಲೆ ಓಡುತ್ತದೆ ಎಂಬುದರಲ್ಲಿ ಸಂದೇಹವಿರಕೂಡದು. ಎರಡನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂದು ತಂತ್ರಾಂಶವೇ ನಿಯಮ ಹಾಕಿತು; ಹಿಂದೆ ಬಂದವರು ಮುಂದೆ ಹೋಗಲು ಬಾಗಿಲು ಮುಚ್ಚಿತು. ಮೂರನೆಯದಾಗಿ, ದಾಖಲೆ ಮುಟ್ಟುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಯಾರು ತಿದ್ದಿದರೆಂದು ಗುರುತು ಉಳಿಯುತ್ತದೆ. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣಲೆಂದು ಎರಡನೆಯ ಪರದೆಯೊಂದನ್ನು ಅವನ ಕಡೆಗೆ ತಿರುಗಿಸಿಟ್ಟರು. ಒಂದೇ ಕೈಯಲ್ಲಿದ್ದ ಲೆಕ್ಕಕ್ಕೆ ಎರಡನೆಯ ಕಣ್ಣು ಬಂದದ್ದು ಹಾಗೆ.

ಯಂತ್ರವನ್ನು ತರುವ ಮೊದಲು ಕೆಲಸದ ಕ್ರಮವನ್ನು ನೆಟ್ಟಗೆ ಮಾಡಿಕೊಂಡದ್ದೇ ಭೂಮಿಯ ಯಶಸ್ಸಿನ ಗುಟ್ಟು. ಅಡ್ಡಾದಿಡ್ಡಿ ಕೆಲಸವನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟಿದ್ದರೆ ಅದು ಅದೇ ಅಡ್ಡಾದಿಡ್ಡಿಯನ್ನು ಹೆಚ್ಚು ವೇಗವಾಗಿ ಮಾಡುತ್ತಿತ್ತು.

ಒಂದು ಎಕರೆ ಇಪ್ಪತ್ತು ಗುಂಟೆ

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಪಹಣಿಯಲ್ಲಿ 1 ಎಕರೆ 20 ಗುಂಟೆಯನ್ನು ಎಕರೆ, ಚುಕ್ಕಿ, ಗುಂಟೆ ಎಂಬ ಕ್ರಮದಲ್ಲಿ 1.20 ಎಂದು ಬರೆಯುವುದು ವಾಡಿಕೆ. ಇಬ್ಬರು ಅಣ್ಣತಮ್ಮಂದಿರಿಗೆ ತಲಾ ಅಷ್ಟು ಭೂಮಿ ಇದ್ದರೆ ಒಟ್ಟು ಎಷ್ಟು? ಹೊಲ ಉಳುವವರು ತಡಮಾಡದೆ ‘ಮೂರು ಎಕರೆ’ ಎನ್ನುತ್ತಾರೆ, ಏಕೆಂದರೆ 40 ಗುಂಟೆಗೆ ಒಂದು ಎಕರೆ. ಆದರೆ ಈ ಚುಕ್ಕಿಯನ್ನು ದಶಮಾಂಶ ಬಿಂದು ಎಂದುಕೊಂಡ ಗಣಕ 2.40 ಎನ್ನುತ್ತದೆ, ಅಂದರೆ 2 ಎಕರೆ 16 ಗುಂಟೆ. ಕಾಗದದ ಮೇಲೆ 24 ಗುಂಟೆ ಮಾಯ! ಗಣಕ ತಪ್ಪು ಕೂಡಿಲ್ಲ. ಅದಕ್ಕೆ ಹೇಳಬೇಕಾದದ್ದನ್ನು ಹೇಳಿಲ್ಲ, ಅಷ್ಟೆ.

ಆದ್ದರಿಂದ ಒಳ್ಳೆಯ ತಂತ್ರಾಂಶದಲ್ಲಿ ಅಂಕಿಯ ಜೊತೆಗೆ ಅದರ ಅಳತೆಯನ್ನೂ ಹೇಳಿಕೊಡುತ್ತಾರೆ, ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡೆಯುವಂತೆ ಕಾವಲು ಇಡುತ್ತಾರೆ. ಒಂದು ಸರ್ವೆ ನಂಬರಿನ ಹಿಡುವಳಿದಾರರ ಪಾಲುಗಳನ್ನೆಲ್ಲ ಕೂಡಿದರೆ ಆ ನಂಬರಿನ ಒಟ್ಟು ವಿಸ್ತೀರ್ಣ ಬರಬೇಕು. ಬಾರದಿದ್ದರೆ ಎಲ್ಲೋ ದೋಷವಿದೆ. ಇಂಥ ತಾಳೆಯನ್ನು ಯಂತ್ರ ರಾತ್ರಿಯಿಡೀ ಬೇಸರವಿಲ್ಲದೆ ಮಾಡಬಲ್ಲದು. ಆದರೆ ಕೆಂಚಯ್ಯ, ಕೆಂಚಪ್ಪ ಇಬ್ಬರೋ ಒಬ್ಬನೇ ಮನುಷ್ಯನೋ ಎಂಬುದನ್ನು ಯಂತ್ರ ಹೇಳಲಾರದು. ಅದಕ್ಕೆ ಊರಿನವರೇ ಬೇಕು.

ನೀರು ಏರುವ ಮುನ್ನ

ನಂಜನಗೂಡು ಬಿಟ್ಟು ಪೂರ್ವಕ್ಕೆ ಹೊರಟರೆ ನದಿಯ ಇಕ್ಕೆಲದಲ್ಲೂ ಗದ್ದೆ, ಕಬ್ಬು, ತೆಂಗು. ಎರಡು ಊರುಗಳ ನಡುವೆ ಕಪಿಲೆಯ ದಂಡೆಯಲ್ಲಿ ಸುತ್ತೂರು ಇದೆ. ಬೇಸಗೆಯಲ್ಲಿ ಸೌಮ್ಯವಾಗಿ ಕಾಣುವ ಈ ನದಿ 2018 ಮತ್ತು 2019ರ ಆಗಸ್ಟ್‌ನಲ್ಲಿ ಉಕ್ಕಿ ನಂಜನಗೂಡಿನ ಸ್ನಾನಘಟ್ಟವನ್ನೂ ತಗ್ಗಿನ ಬಡಾವಣೆಗಳನ್ನೂ ಮುಳುಗಿಸಿತು. ಮಲ್ಲನಮೂಲೆಯ ಬಳಿ ರಸ್ತೆಗೆ ನೀರು ಬಂದು ಮೈಸೂರಿನ ಹೆದ್ದಾರಿಯನ್ನೇ ಮುಚ್ಚಬೇಕಾಯಿತು.

ನದಿಯ ಮೇಲ್ಭಾಗದಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯವಿದೆ. ಅದರ ಪೂರ್ಣಮಟ್ಟ 2284 ಅಡಿ. ನೀರು ಅಲ್ಲಿಗೆ ಮುಟ್ಟುವ ತನಕ ಎಂಜಿನಿಯರುಗಳು ಕೈಕಟ್ಟಿ ಕೂರುವುದಿಲ್ಲ. ವಯನಾಡಿನಲ್ಲಿ ಮಳೆ ಎಷ್ಟು, ಒಳಹರಿವು ಎಷ್ಟು ಎಂದು ನೋಡುತ್ತಾ ಮೊದಲೇ ಗೇಟು ಎತ್ತುತ್ತಾರೆ, ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ದತ್ತಾಂಶದ ಉಗ್ರಾಣವನ್ನು ಕಾಯುವ ತಂತ್ರಾಂಶದ ಕೆಲಸವೂ ಇದೇ. ಡಿಸ್ಕು ತುಂಬುವ ಮೊದಲೇ, ಎಷ್ಟು ವೇಗದಲ್ಲಿ ತುಂಬುತ್ತಿದೆ ಎಂದು ಅಳೆದು ಗಂಟೆ ಬಾರಿಸಬೇಕು. ಹಿಂದೆ ಇದನ್ನು ನಿರ್ವಾಹಕನೊಬ್ಬ ದಿನಾ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ; ಸಾವಿರಾರು ಡಿಸ್ಕುಗಳಾದ ಮೇಲೆ ಅದು ಮನುಷ್ಯನಿಂದ ಆಗದ ಕೆಲಸ. ಆದರೆ ದಿನಕ್ಕೆ ನೂರು ಬಾರಿ ಸುಮ್ಮನೆ ಬಾರಿಸುವ ಗಂಟೆಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಯಾವಾಗ ಬಾರಿಸಬೇಕು, ಬಾರಿಸಿದಾಗ ಯಾರು ಏಳಬೇಕು ಎಂಬುದನ್ನು ಮನುಷ್ಯರೇ ಗೊತ್ತುಮಾಡಬೇಕು.

ಡಿಸ್ಕೇ ಕೆಟ್ಟರೆ? ಅದಕ್ಕೊಂದು ಚೆಂದದ ಉಪಾಯವಿದೆ. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5 ಇದ್ದರೆ, ಮೂರನೆಯದರಲ್ಲಿ ಮೊತ್ತವಾದ 12ನ್ನು ಬರೆದಿಡುವುದು. ಎರಡನೆಯದು ಕೆಟ್ಟಿತೆನ್ನಿ, 12ರಲ್ಲಿ 7 ಕಳೆದರೆ ಕಳೆದುಹೋದ 5 ಮರಳಿ ಸಿಕ್ಕಿತು. ನಿಜವಾದ ಯಂತ್ರದಲ್ಲಿ ಕೂಡುವ ಬದಲು ಸೊನ್ನೆ-ಒಂದುಗಳ ಬೇರೊಂದು ಲೆಕ್ಕ ನಡೆಯುತ್ತದೆ, ತತ್ತ್ವ ಇದೇ. ಒಂದು ಕೆಟ್ಟಾಗ ಕೆಲಸ ನಿಲ್ಲುವುದಿಲ್ಲ. ಅಲ್ಲಿಯೇ ಅಪಾಯವೂ ಇದೆ. ಕೆಲಸ ನಿಲ್ಲದ ಕಾರಣ ಯಾರೂ ಗಮನಿಸುವುದಿಲ್ಲ, ಕೆಟ್ಟದ್ದನ್ನು ಬದಲಿಸುವುದಿಲ್ಲ. ಇನ್ನೊಂದೂ ಕೆಟ್ಟ ದಿನ 12 ಎಂಬ ಅಂಕಿಯೊಂದನ್ನೇ ಇಟ್ಟುಕೊಂಡು 7ನ್ನೂ 5ನ್ನೂ ತೆಗೆಯಲು ಯಾವ ಗಣಿತಜ್ಞನಿಂದಲೂ ಸಾಧ್ಯವಿಲ್ಲ.

ಡಿಸ್ಕುಗಳಿರುವ ಕೋಣೆಗೇ ನೀರೋ ಬೆಂಕಿಯೋ ನುಗ್ಗಿದರೆ ಈ ಉಪಾಯವೂ ಸಾಲದು. ದೂರದ ಊರಿನಲ್ಲಿ ಇನ್ನೊಂದು ಪ್ರತಿ ಇರಬೇಕು. ಭೂಮಿಯ ಮೊದಲ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದತ್ತಾಂಶ ಅದೇ ಕಚೇರಿಯ ಗಣಕದಲ್ಲಿತ್ತು. ಮುಂದೆ ಅದನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದು ಒಟ್ಟುಗೂಡಿಸಿದರು. ನದಿಯ ದಡದ ಊರಿನ ಲೆಕ್ಕ ನದಿಯ ದಡದಲ್ಲಿ ಮಾತ್ರ ಇರಬಾರದಲ್ಲವೇ?

ಆದರೆ ಪ್ರತಿಗಳಲ್ಲೂ ಎರಡು ಬಗೆ. ಇಲ್ಲಿ ಬರೆದದ್ದನ್ನು ಕ್ಷಣದಲ್ಲಿ ಅಲ್ಲೂ ಬರೆಯುವ ಪ್ರತಿ ಒಂದು. ಅದು ಪ್ರವಾಹಕ್ಕೆ ಮದ್ದು, ತಪ್ಪಿಗೆ ಮದ್ದಲ್ಲ. ಇಲ್ಲಿ ಒಬ್ಬರ ಹೆಸರು ಅಳಿಸಿದರೆ ಮರುಕ್ಷಣ ಅಲ್ಲೂ ಅಳಿಸುತ್ತದೆ. ನಿನ್ನೆಯದನ್ನು ನಿನ್ನೆಯಂತೆ, ಹೋದ ತಿಂಗಳಿನದನ್ನು ಹೋದ ತಿಂಗಳಿನಂತೆ ಎತ್ತಿಡುವ ಪ್ರತಿ ಇನ್ನೊಂದು. ತಪ್ಪನ್ನು ತಿದ್ದಲು ಬೇಕಾದದ್ದು ಇದೇ. ಕಂದಾಯ ಇಲಾಖೆಯ ಹಿರಿಯರು ಗಣಕ ಬರುವುದಕ್ಕೆ ಮೊದಲೇ ಇದನ್ನು ಅರಿತಿದ್ದರು. ಪಹಣಿ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಆ ಸ್ಥಿತಿ ಹೇಗೆ ಬಂತು, ಯಾವ ಆದೇಶದಿಂದ ಯಾರ ಹೆಸರು ಹೋಗಿ ಯಾರ ಹೆಸರು ಬಂತು ಎಂಬುದನ್ನು ಎಂ.ಆರ್. ಎಂದು ಕರೆಯುವ ಮ್ಯುಟೇಷನ್ ರಿಜಿಸ್ಟರ್ ಹೇಳುತ್ತದೆ. ಇಂದಿನ ದತ್ತಾಂಶ ತಜ್ಞರೂ ಇಂಥದ್ದೇ ಎರಡು ಪುಸ್ತಕ ಇಡುತ್ತಾರೆ, ಒಂದು ಸ್ಥಿತಿಗೆ, ಒಂದು ನಡೆದ ಕಥೆಗೆ.

ಎರಡು ನದಿ, ಎರಡು ತಂತ್ರಾಂಶ

ತಿ. ನರಸೀಪುರದ ಗುಂಜಾನರಸಿಂಹಸ್ವಾಮಿ ದೇವಾಲಯದಿಂದ ಸಂಗಮಕ್ಕೆ ಹೆಚ್ಚು ದೂರವಿಲ್ಲ. ಇಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತದೆ; ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ. 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಇಲ್ಲಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು.

ಕಾಕತಾಳೀಯವೆಂಬಂತೆ ಕಂದಾಯ ಇಲಾಖೆಯಲ್ಲೂ ಒಂದು ಕಾವೇರಿ ಇದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸುವ ತಂತ್ರಾಂಶದ ಹೆಸರು ‘ಕಾವೇರಿ’. ಹಿಂದೆ ಜಮೀನು ಕೊಂಡವರು ಅಲ್ಲಿ ನೋಂದಣಿ ಮಾಡಿಸಿ, ಖಾತೆ ಬದಲಾವಣೆಗೆ ಮತ್ತೆ ತಾಲ್ಲೂಕು ಕಚೇರಿಗೆ ಅಲೆಯಬೇಕಿತ್ತು. ನಡುವಿನ ಅವಧಿಯಲ್ಲಿ ಪಹಣಿಯಲ್ಲಿ ಹಳೆಯವರ ಹೆಸರೇ ಇರುತ್ತಿದ್ದುದರಿಂದ ಅದೇ ಜಮೀನನ್ನು ಇನ್ನೊಬ್ಬರಿಗೆ ಮಾರುವ ಮೋಸಕ್ಕೂ ಎಡೆಯಿತ್ತು. ಎರಡೂ ತಂತ್ರಾಂಶಗಳನ್ನು ಕೂಡಿಸಿದ ಮೇಲೆ ನೋಂದಣಿಯ ವಿವರ ಕಾವೇರಿಯಿಂದ ಭೂಮಿಗೆ ತಾನಾಗಿಯೇ ಹರಿದು ಖಾತೆ ಬದಲಾವಣೆಯ ಕೆಲಸ ಆರಂಭವಾಗುತ್ತದೆ. ಸಿಇಟಿ ಅರ್ಜಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬರೆದರೆ ಪರೀಕ್ಷಾ ಪ್ರಾಧಿಕಾರ ಅದನ್ನು ತಾನೇ ತಾಳೆ ನೋಡುವುದೂ ಇಂಥದೇ ಸಂಗಮದಿಂದ.

ನದಿಗಳು ಸೇರಿದರೆ ನೀರು ಹೆಚ್ಚುತ್ತದೆ; ಮೇಲಿನ ಊರಿನಲ್ಲಿ ಕಲಕಿದ ಕೆಸರೂ ಕೆಳಗೆ ಬರುತ್ತದೆ. ಒಂದು ಕಡೆ ತಪ್ಪಿ ಬರೆದ ಸರ್ವೆ ನಂಬರು ಇನ್ನೊಂದು ಕಡೆಗೂ ತಡೆಯಿಲ್ಲದೆ ಹರಿಯುತ್ತದೆ. ಮೊದಲು ಎರಡು ಕಚೇರಿಗಳ ನಡುವೆ ಕಾಗದ ಹಿಡಿದು ನಡೆಯುವವರಿಗೆ ಸಂದೇಹ ಬರಲು ಸಮಯವಿತ್ತು. ಅದಕ್ಕೇ ಖಾತೆ ಬದಲಾವಣೆಗೆ ತಕರಾರು ಸಲ್ಲಿಸಲು ಕಾನೂನು ಕೊಟ್ಟಿರುವ ನೋಟಿಸಿನ ಅವಧಿಯನ್ನು ಬರಿಯ ತಡ ಎಂದು ತಿಳಿಯಬಾರದು. ವೇಗದ ನಡುವೆ ಉದ್ದೇಶಪೂರ್ವಕವಾಗಿ ಇಟ್ಟ ತಂಗುದಾಣ ಅದು.

ಎಲ್ಲವೂ ಒಂದೇ ಕಡೆ ಸೇರಿದಾಗ ಇನ್ನೊಂದು ತೊಂದರೆ. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ದುರುದ್ದೇಶದ ದಾಳಿ ನಡೆಯಿತು. ಯಂತ್ರಗಳಿಂದ ಸುಳ್ಳು ಬೇಡಿಕೆಗಳನ್ನು ಸುರಿಸಿ ನಿಜವಾದ ಬೇಡಿಕೆಗೆ ಜಾಗವಿಲ್ಲದಂತೆ ಮಾಡುವುದು ಇದರ ಬಗೆ. ರಾಜ್ಯದಾದ್ಯಂತ ನೋಂದಣಿ ಕೆಲಸ ಕುಂಟಿತು. ಕುಂಭಮೇಳದ ಸ್ನಾನಘಟ್ಟಕ್ಕೆ ಹೋಲಿಸಿದರೆ, ಸ್ನಾನಕ್ಕೆ ಬಾರದ ಸಾವಿರಾರು ಜನ ಮೆಟ್ಟಿಲ ಮೇಲೆ ಸುಮ್ಮನೆ ನಿಂತು ದಾರಿ ಮುಚ್ಚಿದಂತೆ. ದಾಖಲೆ ಕಳೆದಿರಲಿಲ್ಲ, ಆದರೆ ಕೈಗೆ ಎಟುಕಲಿಲ್ಲ. ಸಾಲು ಮಾಡಿಸುವುದು, ಯಾರು ನಿಜವಾದ ಯಾತ್ರಿಕರೆಂದು ಗುರುತಿಸುವುದು ಕೂಡ ಉಗ್ರಾಣದ ಕಾವಲಿನ ಭಾಗವೇ.

ಮರಳು ತೆಗೆದು ನೋಡುವುದು

ಸಂಗಮ ದಾಟಿ ಕಾವೇರಿಯ ಜೊತೆ ಮುಂದುವರಿದರೆ ಇದೇ ತಾಲ್ಲೂಕಿನ ತಲಕಾಡು. ಗಂಗರ ರಾಜಧಾನಿಯ ಮೇಲೆ ಇಂದು ಮರಳಿನ ದಿಬ್ಬಗಳಿವೆ. ಅಪರೂಪಕ್ಕೆ ಕೂಡಿಬರುವ ಪಂಚಲಿಂಗ ದರ್ಶನಕ್ಕೆ, 2013ರಲ್ಲಿ ಬಂದಂತೆ, 2020ರಲ್ಲಿ ಬಂದಂತೆ, ಜನ ಮರಳು ತುಳಿದು ಗುಡಿಯಿಂದ ಗುಡಿಗೆ ನಡೆಯುತ್ತಾರೆ. ಮರಳಿನಡಿ ಇರುವುದು ಭದ್ರವಾಗಿಯೇ ಇದೆಯೆಂದು ಮೇಲೆ ನಿಂತವರು ನಂಬಬಹುದು. ತೆಗೆದು ನೋಡಿದಾಗಲೇ ಗೊತ್ತಾಗುವುದು.

ದತ್ತಾಂಶ ಕಾಯುವವರು ಕಷ್ಟಪಟ್ಟು ಕಲಿತ ಪಾಠವೂ ಇದೇ. ಪ್ರತಿ ರಾತ್ರಿ ತಂತ್ರಾಂಶ ನಕಲು ಮಾಡುತ್ತದೆ, ‘ಕೆಲಸ ಮುಗಿಯಿತು’ ಎಂದು ವರದಿ ಬರೆಯುತ್ತದೆ. ನಕಲು ಮಾಡಬೇಕಾದ ಜಾಗದ ಹೆಸರು ಬದಲಾಗಿ ಅದು ಖಾಲಿ ಪೆಟ್ಟಿಗೆಯನ್ನು ನಕಲಿಸಿದರೂ ವರದಿ ಅದೇ ಬರಬಹುದು. ವರ್ಷಗಟ್ಟಲೆ ಬಂದ ‘ಮುಗಿಯಿತು’ ಎಂಬ ಸಾಲನ್ನು ಓದಿ ಮನುಷ್ಯ ನಿಶ್ಚಿಂತನಾಗುತ್ತಾನೆ. ಆದ್ದರಿಂದ ಆಗಾಗ ನಕಲನ್ನು ಹೊರತೆಗೆದು, ತೆರೆದು, ಮೂಲದೊಡನೆ ಹೋಲಿಸಿ ನೋಡಬೇಕು. ತೆಗೆದು ನೋಡದ ನಕಲು ನಕಲೇ ಅಲ್ಲ.

ಕರ್ನಾಟಕದ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು. ಗೆದ್ದಲು, ಧೂಳು, ಒದ್ದೆಗಳಿಂದ ಕಾಗದವನ್ನು ಪಾರುಮಾಡುವ ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಆದ ಚಿತ್ರ ಕಾಗದದ ಮೇಲಿದ್ದುದನ್ನು ಮಾತ್ರ ತೋರಿಸುತ್ತದೆ. ಕಾಗದದಲ್ಲಿ ತಾತನ ಹೆಸರಿದ್ದರೆ ಚಿತ್ರದಲ್ಲೂ ತಾತನೇ ಇರುತ್ತಾನೆ. ಅವನು ತೀರಿಕೊಂಡ ಸುದ್ದಿಯನ್ನು ಮನೆಯವರೇ ಕಚೇರಿಗೆ ಮುಟ್ಟಿಸಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಬೇಕು.

ಕಾಯುವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು, ನೋಡುವ ಕೆಲಸ ಮಾತ್ರ ಮನುಷ್ಯನಲ್ಲೇ ಉಳಿಯುತ್ತದೆ. ಶಾನುಭೋಗರ ಕಾಲದಲ್ಲಿ ನೋಡಲು ರೈತನಿಗೆ ಅವಕಾಶವಿರಲಿಲ್ಲ. ಇಂದು ಅವಕಾಶವಿದೆ, ನೋಡುವ ಅಭ್ಯಾಸವಿಲ್ಲ. ಗಣಕದಿಂದ ಬಂದದ್ದೆಂದರೆ ಸರಿಯೇ ಇರುತ್ತದೆಂಬ ನಂಬಿಕೆ ಬೆಳೆದಿದೆ.

ಹೊಲವಿರುವ ಮನೆಗಳಲ್ಲಿ ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಪಹಣಿಯೊಂದನ್ನು ತರಿಸಿ, ಓದುವ ಮಕ್ಕಳು ಅದನ್ನು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಮೂರನೆಯ ಕಲಮಿನ ವಿಸ್ತೀರ್ಣ ಸರಿಯೇ? ಒಂಬತ್ತನೆಯ ಕಲಮಿನಲ್ಲಿ ಯಾರ ಹೆಸರಿದೆ, ಅದರ ಕಾಗುಣಿತ ಶಾಲೆಯ ದಾಖಲೆಗೆ ಹೊಂದುತ್ತದೆಯೇ? ಹನ್ನೊಂದನೆಯದರಲ್ಲಿ ತೀರಿಸಿದ ಸಾಲ ಇನ್ನೂ ಉಳಿದಿದೆಯೇ? ಹನ್ನೆರಡನೆಯದರಲ್ಲಿ ಬರೆದ ಬೆಳೆಯನ್ನು ಆ ವರ್ಷ ನಿಜವಾಗಿ ಬೆಳೆದಿತ್ತೇ? ಅರ್ಧ ಗಂಟೆಯ ಕೆಲಸ. ಸೀಟಿನ ಅರ್ಜಿಗೆ ಕೊನೆಯ ದಿನ ಬಂದಾಗ ನಂಜನಗೂಡಿನ ಬಸ್ಸು ಹತ್ತಿ ಓಡುವುದಕ್ಕಿಂತ ಇದು ಸುಲಭ. ಮಗಳು ಓದುತ್ತಾ ಓದುತ್ತಾ ತಾತನ ಹೆಸರಿನ ಬಳಿ ನಿಂತು ತಲೆಯೆತ್ತಿ ನೋಡಿದರೆ, ಯಾವ ಗಣಕವೂ ಕಾಣದಿದ್ದ ತಪ್ಪನ್ನು ಅವಳು ಕಂಡಂತಾಯಿತು.